ಹಲಸಿ: ಎರಡು ಸಲ ‘ಎರಡನೇ ರಾಜಧಾನಿ’ಯಾದ ಊರು

ಬೆಳಗಾವಿಯವರಿಗೆ ‘ಎರಡನೇ ರಾಜಧಾನಿ’ ಅನ್ನೋ ಮಾತು ಹೊಸದಲ್ಲ. ಚಳಿಗಾಲದ ಅಧಿವೇಶನ ಬಂದಾಗ ಅದು ಎದ್ದು ಕೂರುತ್ತದೆ, ಶಾಸಕರ ಕಾರುಗಳು ಬೆಂಗಳೂರಿನ ಕಡೆ ತಿರುಗಿದ ಮೇಲೆ ಮಲಗುತ್ತದೆ. ಆದರೆ ಸುವರ್ಣ ವಿಧಾನಸೌಧಕ್ಕಿಂತ ಸುಮಾರು 1,500 ವರ್ಷ ಮೊದಲೇ ಈ ಭಾಗದಲ್ಲಿ ಒಂದು ಎರಡನೇ ರಾಜಧಾನಿ ಇತ್ತು. ಹಳೆಯ ಹೆಸರು ಪಲಾಶಿಕಾ. ಈಗ ಅದು ಖಾನಾಪುರ ತಾಲ್ಲೂಕಿನ ಹಲಸಿ.

ಬ್ಯಾಂಕಾಕಿಗೆ ಹೋದ ಗೆಳೆಯರು ಅಯುತ್ತಯದ ಪಾಳು ಗೋಪುರಗಳ ಫೋಟೊ ಹಾಕಿದಾಗ ನಾನೂ ಲೈಕ್ ಒತ್ತಿದ್ದೇನೆ. ಅದೇ ಹಲಸಿಗೆ ಹೋಗಿ ಬಂದವರು ನಮ್ಮಲ್ಲಿ ಎಷ್ಟು ಜನ?

ಹೋಗುವುದು ಹೇಗೆ?

ಬೆಳಗಾವಿಯಿಂದ ಖಾನಾಪುರ, ಅಲ್ಲಿಂದ ನಂದಗಡ ದಾಟಿದರೆ ಹಲಸಿ. ಒಟ್ಟು ಸುಮಾರು 40 ಕಿ.ಮೀ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇದೇ ನಂದಗಡದಲ್ಲಿ. ಅಲ್ಲಿ ಇಳಿದು ಹೋಗಿ.

ಹಲಸಿಯಲ್ಲಿ ಕೋಟೆ, ಅರಮನೆ ಹುಡುಕಬೇಡಿ. ಕಾಣುವುದು ಗುಡಿಗಳು: ಭೂವರಾಹ ನರಸಿಂಹ, ಸುವರ್ಣೇಶ್ವರ, ಕಪಿಲೇಶ್ವರ, ಹಾಟಕೇಶ್ವರ, ಒಂದು ಜೈನ ಬಸದಿ. ನಡುವೆ ಮನೆ, ಕೊಟ್ಟಿಗೆ, ಹೊಲ. ಹಾಳೂರಲ್ಲ, ಬದುಕಿರುವ ಊರು.

ತಾಮ್ರಪಟಗಳು ಏನು ಹೇಳುತ್ತವೆ?

ಬನವಾಸಿ ಕದಂಬರಿಗೆ ಪಲಾಶಿಕಾ ಎರಡನೇ ರಾಜಧಾನಿ ಆಗಿತ್ತು ಅಂತ ನಮಗೆ ಗೊತ್ತಾಗಿದ್ದು ತಾಮ್ರಪಟಗಳಿಂದ. ಹಲಸಿ ಹೊರಗೆ, ನಂದಗಡ ದಾರಿಯಲ್ಲಿ, ಚಕ್ರತೀರ್ಥ ಎಂಬ ಬಾವಿಯ ಹತ್ತಿರದ ಮಣ್ಣಿನ ದಿಬ್ಬದಲ್ಲಿ ಸಿಕ್ಕ ಪಟಗಳನ್ನು ಜೆ.ಎಫ್. ಫ್ಲೀಟ್ 19ನೇ ಶತಮಾನದಲ್ಲಿ ಓದಿ ಪ್ರಕಟಿಸಿದರು. ಭಾಷೆ ಸಂಸ್ಕೃತ.

ಅವುಗಳಲ್ಲಿ ಯುದ್ಧ ಇದೆ. ರವಿವರ್ಮ ವಿಷ್ಣುವರ್ಮನನ್ನು ಕೊಂದು, ಕಂಚಿಯ ಚಂಡದಂಡನನ್ನು ಕಿತ್ತೆಸೆದು ಪಲಾಶಿಕೆಯಲ್ಲಿ ನೆಲೆ ನಿಂತ. ಈ ವಿಷ್ಣುವರ್ಮ ಹೊರಗಿನವನಲ್ಲ, ಅವನೂ ಕದಂಬನೇ!

ಆದರೆ ಪಟಗಳನ್ನು ಬರೆಸಿದ್ದು ದಾನಕ್ಕೆ. ಮೃಗೇಶವರ್ಮ ತೀರಿಕೊಂಡ ತಂದೆಯ ಹೆಸರಲ್ಲಿ ಇಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಜೈನ ಪಂಗಡಗಳಿಗೆ ಭೂಮಿ ಕೊಟ್ಟ. ರವಿವರ್ಮನ ಕಾಲದ ಒಂದು ಪಟ ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಊಟ ನಡೆಯಬೇಕು ಅನ್ನುತ್ತದೆ. ಯಾವ ಹೊಲ, ಯಾರಿಗೆ, ಯಾತಕ್ಕೆ ಎಂಬ ಲೆಕ್ಕ ತಾಮ್ರದ ಮೇಲೆ ಇದೆ.

ಎರಡನೇ ಸಲ

ಕದಂಬರ ನಂತರ ಬಾದಾಮಿ ಚಾಲುಕ್ಯರು ಬಂದರು. ಶತಮಾನಗಳು ಕಳೆದ ಮೇಲೆ ಗೋವೆಯ ಕದಂಬರು ಹಲಸಿಯನ್ನು ಮತ್ತೆ ಎರಡನೇ ರಾಜಧಾನಿ ಮಾಡಿಕೊಂಡರು. ನರಸಿಂಹನ ಗುಡಿ ಕಟ್ಟಿಸಿದವನು ಆ ಮನೆತನದ ಪೆರ್ಮಾಡಿ, 1169ರಲ್ಲಿ. ಅವನ ಬಿರುದು ಶಿವಚಿತ್ತ. ಅವನ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ ಕಿತ್ತೂರು ಹತ್ತಿರದ ದೇಗಾಂವಿಯಲ್ಲಿದೆ. ಹಲಸಿಯ ಗುಡಿಯೊಳಗೆ ಎರಡು ಗರ್ಭಗುಡಿಗಳು ಎದುರುಬದುರು. ನಡುವೆ ನಿಂತರೆ ಒಬ್ಬ ದೇವರಿಗೆ ಮುಖ ಕೊಟ್ಟಾಗ ಇನ್ನೊಬ್ಬನಿಗೆ ಬೆನ್ನು ಕೊಡಲೇಬೇಕು.

ಹಾಗಾದರೆ ಹಲಸಿ ಯಾರದ್ದು?

ಗುಡಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನನ್ನು ಮೊದಲು ಮರಾಠಿಯಲ್ಲಿ ಮಾತಾಡಿಸಿದರು. ನಾನು ತಡವರಿಸಿದ್ದು ನೋಡಿ, “ಗುಡಿ ನೋಡಾಕ ಬಂದೀರೇನ್ರಿ? ಬರ್ರಿ” ಅಂದರು. ಕನ್ನಡದಲ್ಲಿ ಹಲಸಿ, ಮರಾಠಿಯಲ್ಲಿ ಹಲಶಿ. ಪಲಾಶ ಅಂದರೆ ಮುತ್ತುಗ, ಮರಾಠಿಯಲ್ಲಿ ಪಳಸ. ಮರದ ಹೆಸರಲ್ಲಿ ‘ಪ’ ಉಳಿದಿದೆ, ಊರಿನ ಹೆಸರಲ್ಲಿ ‘ಹ’ ಆಗಿದೆ. ಪಾಲು ಹಾಲಾದ ಹಾಗೆ ಪಲಸಿಗೆ ಹಲಸಿಗೆ ಆಯಿತು. ಇದು ಕನ್ನಡದ ನಾಲಿಗೆಯ ಗುರುತು, ಮರಾಠಿ ಮಾತಾಡುವವರ ಬಾಯಲ್ಲೂ ಉಳಿದಿದೆ.

ಇದನ್ನು ಭಾಷಣಕ್ಕೆ ಎತ್ತಿಕೊಳ್ಳುವುದು ಸುಲಭ. 1967ರ ಮಹಾಜನ ವರದಿ ಬೆಳಗಾವಿ ನಗರವನ್ನು ನಮಗೆ ಉಳಿಸಿ, ಖಾನಾಪುರ, ನಂದಗಡಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತ್ತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆದರೆ ಹಲಸಿಯನ್ನು ಹಕ್ಕುಪತ್ರದ ಹಾಗೆ ಬೀಸುವವರು ಅದನ್ನು ಪೂರ್ತಿ ಓದಬೇಕು. ಕನ್ನಡ ನೆಲ, ಸಂಸ್ಕೃತ ಪಟ, ಜೈನರಿಗೆ ಹೊಲ, ಶಿವಚಿತ್ತ ಕಟ್ಟಿಸಿದ ನರಸಿಂಹನ ಗುಡಿ, ಮರಾಠಿಯಲ್ಲೂ ಕನ್ನಡದಲ್ಲೂ ಮಾತಾಡಿಸುವ ಊರು. ಒಂದೇ ಸಾಲು ಹರಿದುಕೊಂಡರೆ ಉಳಿದದ್ದು ಸುಳ್ಳಾಗುತ್ತದೆ.

ನಾನು ಹಲಸಿಯಿಂದ ತಂದ ಪ್ರಶ್ನೆ ಬೇರೆ. ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆದದ್ದು 2006ರಲ್ಲಿ, ಸುವರ್ಣಸೌಧ ಉದ್ಘಾಟನೆಯಾದದ್ದು 2012ರಲ್ಲಿ. ಕಚೇರಿಗಳು ಇಲ್ಲಿಗೆ ಬರಲಿ ಎಂಬ ಉತ್ತರ ಕರ್ನಾಟಕದ ಬೇಡಿಕೆಗೆ ಅಷ್ಟೇ ವಯಸ್ಸು. ಪಲಾಶಿಕೆಯ ಅರಮನೆ ಇವತ್ತು ಕಾಣುವುದಿಲ್ಲ. ಅಲ್ಲಿಂದ ಯಾರಿಗೆ ಏನು ಸಿಕ್ಕಿತು ಅನ್ನುವುದು ಮಾತ್ರ ಓದಲು ಸಿಗುತ್ತದೆ. ನಮ್ಮ ಎರಡನೇ ರಾಜಧಾನಿಯದು ತಿರುಗುಮುರುಗು: ಕಟ್ಟಡ ಹೈವೇಯಿಂದಲೇ ಕಾಣುತ್ತದೆ. ಖಾನಾಪುರದ ಊರುಗಳಿಗೆ ಅದರಿಂದ ಏನು ಸಿಕ್ಕಿತು ಅಂತ ಯಾವ ಪಟದಲ್ಲಿ ಓದೋಣ?