ದೈವಶಾಸ್ತ್ರ ಬೋಧಕರಾಗಲು ಬಯಸುವ ಹುಬ್ಬಳ್ಳಿ-ಧಾರವಾಡದ ಯುವಜನರಿಗೆ

ಯಾಜಕರಾಗದೆ ದೈವಶಾಸ್ತ್ರ ಕಲಿಸಬಹುದೇ? ಖಂಡಿತ ಸಾಧ್ಯ. ಧರ್ಮಸಭೆಯ ದೈವಶಾಸ್ತ್ರ ವಿದ್ಯಾಪೀಠಗಳ ಬಾಗಿಲು ಯಾಜಕರು, ಧರ್ಮಭಗಿನಿಯರು, ಶ್ರೀಸಾಮಾನ್ಯರು ಎಲ್ಲರಿಗೂ ತೆರೆದಿದೆ. ಆದರೆ ದಾರಿ ದೀರ್ಘವಾದದ್ದು.

ಮೊದಲ ಹಂತ ತತ್ವಶಾಸ್ತ್ರ ಸೇರಿ ಐದು ವರ್ಷ. ಆಮೇಲೆ ಎರಡು ವರ್ಷದ ಲೈಸೆನ್ಷಿಯೇಟ್, ಕೊನೆಗೆ ಡಾಕ್ಟರೇಟ್. ಪೋಪ್ ಫ್ರಾನ್ಸಿಸ್‌ರವರು 2018ರಲ್ಲಿ ಪ್ರಕಟಿಸಿದ 'ವೆರಿತಾತಿಸ್ ಗೌದಿಯುಂ' ನಿಯಮದ ಪ್ರಕಾರ ಗುರುಮಠದಲ್ಲಿ ಕಲಿಸಲು ಲೈಸೆನ್ಷಿಯೇಟ್ ಬೇಕು, ವಿದ್ಯಾಪೀಠದಲ್ಲಿ ಕಲಿಸಲು ಡಾಕ್ಟರೇಟ್ ಬೇಕು. ವಿಶ್ವಾಸ ಮತ್ತು ನೀತಿಯ ವಿಷಯಗಳನ್ನು ವಿದ್ಯಾಪೀಠದಲ್ಲಿ ಬೋಧಿಸುವವರು ಅದರ ಮಹಾ ಕುಲಪತಿಯಿಂದ ಅಧಿಕೃತ ನಿಯೋಜನೆಯನ್ನೂ ಪಡೆಯಬೇಕು.

ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಅವಳಿ ನಗರದವರು ಉನ್ನತ ವ್ಯಾಸಂಗಕ್ಕೆ ಹೊರಗೆ ಹೋಗಬೇಕಾಗುತ್ತದೆ. ಪುಣೆಯ ಜ್ಞಾನದೀಪ, ಬೆಂಗಳೂರಿನ ಧರ್ಮಾರಾಂ ವಿದ್ಯಾಕ್ಷೇತ್ರ ಮುಂತಾದ ಸಂಸ್ಥೆಗಳಿವೆ. ಸಿ.ಎಸ್.ಐ. ಸಭೆಯವರಿಗೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಹತ್ತಿರದ್ದು. ಅದು 1965ರಲ್ಲಿ ರೂಪುಗೊಂಡಿತು. ಅದರ ಪದವಿಗಳು ಸೆರಾಂಪುರದ ಸೆನೆಟ್‌ಗೆ ಸೇರಿವೆ. ಸೆರಾಂಪುರ ಕಾಲೇಜಿಗೆ 1827ರಲ್ಲೇ ಡೆನ್ಮಾರ್ಕ್ ರಾಜನ ಸನದು ಸಿಕ್ಕಿತ್ತು.

ಕಷ್ಟಗಳನ್ನೂ ಹೇಳಬೇಕು. ಗುರುಮಠದ ವಿದ್ಯಾರ್ಥಿಯ ಖರ್ಚನ್ನು ಸಾಮಾನ್ಯವಾಗಿ ಧರ್ಮಪ್ರಾಂತ್ಯ ಅಥವಾ ಸಭೆ ಹೊರುತ್ತದೆ. ಶ್ರೀಸಾಮಾನ್ಯರ ಖರ್ಚು ಹೆಚ್ಚಾಗಿ ಮನೆಯವರ ಮೇಲೆಯೇ ಬೀಳುತ್ತದೆ. ಹುದ್ದೆಗಳು ಕಡಿಮೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನೊಂದಿಗೆ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳಲ್ಲೂ ಶ್ರಮಿಸಬೇಕು. ಆದ್ದರಿಂದ ಸೇರುವ ಮುನ್ನ ಪದವಿಯ ಮಾನ್ಯತೆ, ವಿದ್ಯಾರ್ಥಿವೇತನ, ಮುಂದಿನ ಕೆಲಸ ಈ ಮೂರನ್ನೂ ವಿಚಾರಿಸಿ, ಧರ್ಮಕೇಂದ್ರದ ಗುರುಗಳೊಂದಿಗೂ ಮಾತನಾಡಿ. ಜೀವನೋಪಾಯಕ್ಕೆ ಬಿ.ಎಡ್. ಅಥವಾ ಎಂ.ಎ. ಜೊತೆಗಿದ್ದರೆ ಒಳ್ಳೆಯದು.

ಆದರೂ ಈ ಸೇವೆಗೆ ಜನ ಬೇಕೇ ಬೇಕು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂತು. ಧಾರವಾಡದಲ್ಲೂ ಕೆಲಸ ಮಾಡಿದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಹೊರನಾಡಿನವರು ನಮ್ಮ ನುಡಿಯನ್ನು ಇಷ್ಟು ಆಳವಾಗಿ ಕಲಿತರು. ನಮ್ಮ ಉಪದೇಶಿಗಳಿಗೆ, ತಾಯಂದಿರಿಗೆ, ಯುವಜನರಿಗೆ ಬೈಬಲನ್ನು ಅವರದೇ ಮಾತಿನಲ್ಲಿ ವಿವರಿಸಬಲ್ಲ ಬೋಧಕರು ಮಾತ್ರ ಇನ್ನೂ ಸಾಲದು. ಇಂಗ್ಲಿಷಿನಲ್ಲಿ ಕಲಿತದ್ದನ್ನು ಕನ್ನಡದಲ್ಲಿ ಹೇಳಬಲ್ಲವರಿಗೆ ಇಲ್ಲಿ ಕೆಲಸ ಕಾದಿದೆ.