ಶ್ರುತಿ ಪೆಟ್ಟಿಗೆಯ ಮನೆತನ

ಪುತ್ತೂರು, ಸುಳ್ಯ, ಕಡಬದ ಕಡೆಯ ತಾಳಮದ್ದಳೆಗೆ ಹೋದರೆ ಭಾಗವತರ ಪಕ್ಕದಲ್ಲಿ ಕರೆಂಟಿನ ಒಂದು ಸಣ್ಣ ಶ್ರುತಿ ಪೆಟ್ಟಿಗೆ ಕಾಣುವುದುಂಟು. ಭಾಗವತರು ‘ಕಪ್ಪು ಎರಡು’ ಶ್ರುತಿ ಎಂದರೆ ಗುಂಡಿಯನ್ನು ಅಲ್ಲಿಗೆ ತಿರುಗಿಸಿ ಇಟ್ಟರಾಯಿತು, ಮಂಗಳ ಹಾಡುವವರೆಗೆ ಅದರತ್ತ ಯಾರೂ ನೋಡುವುದಿಲ್ಲ. ಭಾಗವತರ ಮೇಲೆ, ಅರ್ಥಧಾರಿಗಳ ಮೇಲೆ ಲೇಖನವಿಲ್ಲದ ಸ್ಮರಣ ಸಂಚಿಕೆ ನಮ್ಮಲ್ಲಿಲ್ಲ. ಈ ಪೆಟ್ಟಿಗೆಗೂ ಒಂದು ಪುಟ ಸಿಗಲಿ ಎಂದು ನನ್ನ ಆಸೆ.

ಯಕ್ಷಗಾನದ ಹಿಮ್ಮೇಳಕ್ಕೆ ಹಿಂದೆ ಶ್ರುತಿ ಕೊಡುತ್ತಿದ್ದುದು ಪುಂಗಿ. ಆಮೇಲೆ ಹಾರ್ಮೋನಿಯಂ ಬಂತು, ತಿದಿ ಒತ್ತುವ ಶ್ರುತಿ ಪೆಟ್ಟಿಗೆ ಬಂತು. ಒತ್ತಲು ಒಬ್ಬರು ಕೂರಬೇಕು. ಬೆಳಗಿನ ಜಾವಕ್ಕೆ ಅವರಿಗೆ ತೂಕಡಿಕೆ ಹತ್ತಿದರೆ ಶ್ರುತಿಯೂ ತೂಕಡಿಸುತ್ತಿತ್ತು! ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದುದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಕರೆಂಟಿನ ಶ್ರುತಿ ಮಾತ್ರ ಅಂಥ ಗದ್ದಲವಿಲ್ಲದೆ ಒಳಗೆ ಬಂದು ಕೂತಿತು. ಹಾಡಿಗೆ ಅದು ಕೈ ಹಾಕುವುದಿಲ್ಲವಲ್ಲ, ಅದೇ ಕಾರಣವಿರಬೇಕು.

ಹೀಗೆ ಕರೆಂಟಿನಲ್ಲಿ ಶ್ರುತಿ ಕೊಡುವ ಎಲೆಕ್ಟ್ರಾನಿಕ್ ತಂಬೂರಿಗಳಲ್ಲಿ ಮಾರುಕಟ್ಟೆಗೆ ಬಂದ ಮೊದಲನೆಯದು ಬೆಂಗಳೂರಿನದು. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅದನ್ನು 1979ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ಪ್ರದರ್ಶಿಸಿದರು. ಅವರ ಸಂಸ್ಥೆ ರಾಡೆಲ್. ಮೊದಲಿನ ಪೆಟ್ಟಿಗೆಗಳು ದೊಡ್ಡವು, ನಾದವೂ ತಂಬೂರಿಯ ಹತ್ತಿರ ಬರುತ್ತಿರಲಿಲ್ಲ. ಸರ್ಕ್ಯೂಟು ತಾನೇ ಹುಟ್ಟಿಸಿದ ಸ್ವರ ಅದು. ನಿಜವಾದ ತಂಬೂರಿಯ ನಾದವನ್ನೇ ಚಿಪ್ಪಿನಲ್ಲಿ ತುಂಬಿಡುವ ಕ್ರಮ ಆಮೇಲಿನದು.

ಹೀಗೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ವಿದ್ಯೆಯ ಹಿರಿಯರನ್ನು ಹುಡುಕುತ್ತ ಹೋದರೆ ಜರ್ಮನಿ ಸಿಗುತ್ತದೆ. ಫ್ರೀಡ್ರಿಕ್ ಟ್ರೌಟ್ವೈನ್ ಬರ್ಲಿನ್ನಿನಲ್ಲಿ ಟ್ರೌಟೋನಿಯಂ ಎಂಬ ವಾದ್ಯ ತೋರಿಸಿದ್ದು 1930ರಲ್ಲಿ. ಅದನ್ನು ಬೆಳೆಸಿದ ಓಸ್ಕರ್ ಸಾಲಾ ಮುಂದೆ ಹಿಚ್‌ಕಾಕ್‌ನ ‘ದಿ ಬರ್ಡ್ಸ್’ ಸಿನಿಮಾಕ್ಕೆ ಹಕ್ಕಿಗಳ ಕೂಗು ಒದಗಿಸಿದರು. ಆದರೆ ಈ ವಿದ್ಯೆಗೆ ಮನೆ ಕಟ್ಟಿಕೊಟ್ಟದ್ದು ಕೊಲೋನ್ ನಗರದ ರೇಡಿಯೋ ಕೇಂದ್ರ. ಹರ್ಬರ್ಟ್ ಐಮರ್ಟ್, ರಾಬರ್ಟ್ ಬೇಯರ್, ವರ್ನರ್ ಮೇಯರ್-ಎಪ್ಲರ್ ಸೇರಿ 1951ರಲ್ಲಿ ಅಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋಗೆ ಅಡಿಪಾಯ ಹಾಕಿದರು. ಅಳತೆಗೆಂದು ರೇಡಿಯೋ ತಂತ್ರಜ್ಞರು ಬಳಸುತ್ತಿದ್ದ ಆಸಿಲೇಟರುಗಳೇ ಅಲ್ಲಿ ವಾದ್ಯವಾದವು.

1953ರಲ್ಲಿ ಅಲ್ಲಿಗೆ ಸಂಗೀತ ರಚನಕಾರ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ ಬಂದರು. ಅವರ ಮರುವರ್ಷದ ‘ಸ್ಟುಡೀ 2’ ಎಂಬ ಕೃತಿಯ ಕೆಲಸ ಹೇಗಿತ್ತು ನೋಡಿ. ಐದು ಶುದ್ಧ ಸ್ವರಗಳನ್ನು ಬೇರೆ ಬೇರೆಯಾಗಿ ಟೇಪಿಗಿಳಿಸಿ, ಒಂದೊಂದರಿಂದ ನಾಲ್ಕು ಸೆಂಟಿಮೀಟರ್ ಕತ್ತರಿಸಿ ಅಂಟಿಸುವುದು. ಟೇಪು ಸೆಕೆಂಡಿಗೆ 76.2 ಸೆಂಟಿಮೀಟರ್ ಓಡುವಾಗ ಒಂದು ತುಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆ ಐದನ್ನು ಪ್ರತಿಧ್ವನಿಸುವ ಕೋಣೆಯಲ್ಲಿ ನುಡಿಸಿ, ಬೆರೆತು ಬಂದ ಗುಂಗನ್ನು ಮತ್ತೆ ಧ್ವನಿಮುದ್ರಿಸಬೇಕು. ಇಂಥ 193 ಮಿಶ್ರಣಗಳನ್ನು ಮಾಡಿದ ಮೇಲೆ ಕೈಗೆ ಬಂದದ್ದು ನಾಲ್ಕು ನಿಮಿಷವೂ ಇಲ್ಲದ ಸಂಗೀತ. 1956ರಲ್ಲಿ ಕೇಳಿಸಿದ ಅವರ ‘ಗೆಸಾಂಗ್ ಡೆರ್ ಯೂಂಗ್ಲಿಂಗೆ’ ಕೃತಿಯಲ್ಲಿ ಒಬ್ಬ ಹುಡುಗನ ಕಂಠವೂ ಯಂತ್ರದ ಸ್ವರಗಳೊಂದಿಗೆ ಬೆರೆಯಿತು. ಕ್ರಾಫ್ಟ್‌ವರ್ಕ್, ಟ್ಯಾಂಜರೀನ್ ಡ್ರೀಮ್ ತಂಡಗಳು ಈ ಸದ್ದನ್ನು ಸಾಮಾನ್ಯ ಕೇಳುಗರ ತನಕ ಒಯ್ದದ್ದು ಆಮೇಲಿನ ಕತೆ. ಕ್ರಾಫ್ಟ್‌ವರ್ಕಿನ ‘ಆಟೋಬಾನ್’ 1974ರದು.

ಕೊಲೋನಿನವರು ಗುರುಗಳು, ಬೆಂಗಳೂರಿನವರು ಶಿಷ್ಯರು ಎಂದು ನಾನು ಹೇಳುತ್ತಿಲ್ಲ. ಎರಡೂ ಕಡೆ ಕರೆಂಟನ್ನು ಲೆಕ್ಕದ ಪ್ರಕಾರ ಕಂಪಿಸುವಂತೆ ಮಾಡಿ ಸ್ವರ ಹುಟ್ಟಿಸಿದರು, ನಂಟು ಅಷ್ಟೇ. ಉದ್ದೇಶ ಮಾತ್ರ ಪೂರ್ತಿ ತಿರುಗುಮುರುಗು. ಅಲ್ಲಿ ಯಂತ್ರ ಬೇಕಾದದ್ದು ಹಾಡುವವರೂ ನುಡಿಸುವವರೂ ಇಲ್ಲದೆ, ಯಾರೂ ಕೇಳಿರದ ಸದ್ದನ್ನು ಹುಟ್ಟಿಸುವುದಕ್ಕೆ. ಇಲ್ಲಿ ಅದೇ ಯಂತ್ರ ಹಾಡುವವರ ಬೆನ್ನಿಗೆ ಕೂತು, ನೂರಾರು ವರ್ಷದ ಹಳೆಯ ಸ್ವರವನ್ನೇ ಅಲುಗಾಡದೆ ಹಿಡಿಯುವ ಚಾಕರಿ ಮಾಡಿತು. ನನಗೆ ಇದೇನೂ ಕಡಿಮೆ ಸಾಧನೆ ಎನಿಸುವುದಿಲ್ಲ. ಮನೆಯಲ್ಲಿ ಒಬ್ಬಳೇ ಅಭ್ಯಾಸ ಮಾಡುವ ಹುಡುಗಿಗೆ ಶ್ರುತಿ ಒತ್ತಲು ಇನ್ನೊಬ್ಬರು ಬೇಕಾಗದೇ ಹೋದದ್ದು ಅದರಿಂದಲೇ. ತಕರಾರೂ ಇದೆ: ತಂಬೂರಿಗೆ ತಾನೇ ಕಿವಿ ಕೊಟ್ಟು ಶ್ರುತಿ ಕೂಡಿಸುವ ಪಾಠ ಗುಂಡಿ ತಿರುಗಿಸುವವರಿಗೆ ಸಿಗುವುದಿಲ್ಲ.

ಈಗ ಪೆಟ್ಟಿಗೆಯ ಜಾಗಕ್ಕೂ ಮೊಬೈಲಿನ ಆ್ಯಪ್ ಬಂದಿದೆ. ಅದನ್ನು ಬಳಸುವ ಕಲಾವಿದರಲ್ಲಿ ಒಂದೇ ವಿನಂತಿ, ಚೌಕಿಯಿಂದ ಹೊರಡುವಾಗಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಕರ್ಣನ ಅವಸಾನದ ಪದ್ಯದ ನಡುವೆ ಅಡಿಕೆ ವ್ಯಾಪಾರಿಯ ಕರೆ ಬರುವುದು ಬೇಡ.