ಸರಿಯುವ ಗೋಡೆಗಳ ಮನೆ

ಮಹಾನಗರಗಳಲ್ಲಿ ಬಿಡಾರ ಹೂಡಿದ ನಮ್ಮಲ್ಲಿ ಅನೇಕರಿಗೆ ಕೋಣೆ ಒಂದೇ, ಅದಕ್ಕೆ ಕೆಲಸ ಹಲವು. ಹಗಲು ಅತಿಥಿಗಳು ಕೂಡುವ ದಿವಾನವೇ ರಾತ್ರಿ ಮಕ್ಕಳ ಹಾಸಿಗೆ. ಇದನ್ನು ನಾವು ಇಕ್ಕಟ್ಟಿನ ಫಲವೆಂದೇ ಎಣಿಸುತ್ತೇವೆ. ಆದರೆ 1924ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ತಾಯಿಯೊಬ್ಬರು ಇಂಥದೇ ವ್ಯವಸ್ಥೆಯನ್ನು ತಾವಾಗಿ ಬಯಸಿ ಕಟ್ಟಿಸಿಕೊಂಡರು.

ಆಕೆ ಟ್ರೂಸ್ ಶ್ರೋಡರ್. ವಕೀಲರಾಗಿದ್ದ ಪತಿ 1923ರಲ್ಲಿ ತೀರಿಕೊಂಡಾಗ ಮೂವರು ಮಕ್ಕಳ ಹೊಣೆ ಅವರದಾಯಿತು. ಮಕ್ಕಳು ಬೇರೊಂದು ಅಂತಸ್ತಿನಲ್ಲಿ ದೂರ ಉಳಿಯದೆ, ಹಿರಿಯರ ಮಾತುಕತೆಯ ನಡುವೆಯೇ ಬೆಳೆಯಬೇಕೆಂಬುದು ಆಕೆಯ ಹಂಬಲ.

ಇದನ್ನು ಕೈಗೂಡಿಸಿದವರು ಗೆರಿಟ್ ರೀಟ್‌ವೆಲ್ಟ್. ಬಡಗಿಯ ಮಗನಾದ ಅವರು ಬಾಲ್ಯದಲ್ಲೇ ತಂದೆಯ ಕಾರ್ಖಾನೆಯಲ್ಲಿ ಕೆಲಸ ಕಲಿತವರು. 1918ರ ಸುಮಾರಿಗೆ ಅವರು ಮಾಡಿದ ಕುರ್ಚಿಯಲ್ಲಿ ಕೆತ್ತನೆಯಿಲ್ಲ, ಮೆತ್ತೆಯಿಲ್ಲ. ನೇರವಾದ ರೀಪುಗಳು, ಎರಡು ಹಲಗೆಗಳು, ಅಷ್ಟೆ. ಮುಂದೆ ಅದರ ಬೆನ್ನಿಗೆ ಕೆಂಪು, ಆಸನಕ್ಕೆ ನೀಲಿ ಬಣ್ಣ ಬಂದು ಅದು ಲೋಕಪ್ರಸಿದ್ಧವಾಯಿತು.

ಇಡೀ ಮನೆಯೊಂದನ್ನು ರೂಪಿಸಿದ್ದು ಅವರಿಗೆ ಇದೇ ಮೊದಲು. ಮನೆಯನ್ನೂ ಅವರು ಪೀಠೋಪಕರಣದಂತೆಯೇ ಜೋಡಿಸಿದರು. ಮೇಲಂತಸ್ತು ಹಗಲು ಒಂದೇ ಹಜಾರ. ರಾತ್ರಿ ಹಲಗೆಗೋಡೆಗಳನ್ನು ಸರಿಸಿದರೆ ಬೇರೆಬೇರೆ ಕೋಣೆಗಳು. ರಾತ್ರಿಯ ಮಂಚ ಹಗಲು ಸೋಫಾ. ಮೂಲೆಯ ಕಿಟಕಿಗೆ ನಡುವೆ ಕಂಬವಿಲ್ಲ. ತೆರೆದರೆ ಮೂಲೆಯೇ ಮಾಯ! ಇಂಥ ರಚನೆ ಅಂದಿನ ಕಟ್ಟಡ ನಿಯಮಗಳಿಗೆ ಒಗ್ಗದ್ದರಿಂದ ನಕ್ಷೆಯಲ್ಲಿ ಮೇಲಂತಸ್ತನ್ನು ಬರಿಯ ಅಟ್ಟವೆಂದು ತೋರಿಸಬೇಕಾಯಿತು.

1960ರ ದಶಕದ ಆರಂಭದಲ್ಲಿ ಮನೆಯೆದುರಿನ ಬಯಲಿಗೆ ಹೆದ್ದಾರಿ ಬಂದಿತು. ನೋಟವೇ ಹೋದಮೇಲೆ ಮನೆಯನ್ನು ಕೆಡವುವುದೇ ಲೇಸೆಂದು ರೀಟ್‌ವೆಲ್ಟ್ ನೊಂದುಕೊಂಡರು. 1964ರಲ್ಲಿ ಅವರು ತೀರಿಕೊಂಡರು. ಶ್ರೋಡರ್ ಮಾತ್ರ ಅದನ್ನು ಬಿಡಲಿಲ್ಲ. 1985ರಲ್ಲಿ ಕಣ್ಣು ಮುಚ್ಚುವವರೆಗೆ ಅಲ್ಲಿಯೇ ಬಾಳಿದರು. 2000ದಲ್ಲಿ ಯುನೆಸ್ಕೊ ಆ ಮನೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಕೆಗೆ ಅನುಕೂಲವಿತ್ತು, ಆಯ್ಕೆಯೂ ಇತ್ತು. ನಮ್ಮಲ್ಲಿ ಅನೇಕರಿಗೆ ಅದಿಲ್ಲ. ಇಕ್ಕಟ್ಟನ್ನು ಹೊಗಳುವುದು ನಮ್ಮ ಉದ್ದೇಶವೂ ಅಲ್ಲ. ಆದರೂ ಒಂದು ಮಾತು. ಹೊರಗೆ ಕಾಲಿಟ್ಟರೆ ಬೇರೆ ಭಾಷೆ ಕೇಳುವ ಈ ಊರುಗಳಲ್ಲಿ ನಮ್ಮ ಮಕ್ಕಳು ಕನ್ನಡವನ್ನು ಎಲ್ಲಿ ಕಲಿತಾರು? ದಿವಾನದ ಮೂಲೆಯಲ್ಲಿ ಕುಳಿತು, ಅಜ್ಜಿ ಊರಿನ ಸುದ್ದಿ ಹೇಳುವಾಗ ಕಿವಿಗೊಟ್ಟೇ ಅಲ್ಲವೇ? ನಾಳೆ ದೊಡ್ಡ ಮನೆಗೆ ಹೋದರೂ, ಆ ಮಾತು ಮಕ್ಕಳ ಕಿವಿಗೆ ಬೀಳುವಂತೆ ಬಾಗಿಲೊಂದನ್ನು ತೆರೆದಿಟ್ಟುಕೊಳ್ಳೋಣ.